ಪ್ರಕ್ಷುಬ್ಧತೆ ಹುಟ್ಟುವ ರೇಖೆ

ನೀರಾಗಲಿ ಗಾಳಿಯಾಗಲಿ ಹರಿಯುವ ರೀತಿ ಮುಖ್ಯವಾಗಿ ಎರಡು. ಪದರಗಳು ಒಂದರೊಳಗೊಂದು ಬೆರೆಯದೆ ನಯವಾಗಿ ಸಾಗಿದರೆ ಅದು ಸ್ತರೀಯ ಹರಿವು. ಸುಳಿಯೊಳಗೆ ಸುಳಿಯೆದ್ದು, ವೇಗವೂ ದಿಕ್ಕೂ ಕ್ಷಣಕ್ಷಣಕ್ಕೆ ಬದಲಾದರೆ ಅದು ಪ್ರಕ್ಷುಬ್ಧ ಹರಿವು. ಜೈವಿಕ ಔಷಧ ತಯಾರಿಸುವ ದೊಡ್ಡ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವನ್ನು ಒಂದೇ ಸಮನೆ ಹಂಚಲು ಈ ಸುಳಿಗಳು ನೆರವಾಗುತ್ತವೆ; ವಿಮಾನದ ರೆಕ್ಕೆಯ ಮೇಲೆ ಅವೇ ಎದ್ದಾಗ ಗಾಳಿಯ ಘರ್ಷಣೆ ಹೆಚ್ಚಿ ಇಂಧನ ಹೆಚ್ಚು ಖರ್ಚಾಗುತ್ತದೆ. ಆದ್ದರಿಂದ ಒಂದು ಬಗೆಯ ಹರಿವು ಇನ್ನೊಂದಾಗುವುದು ಎಲ್ಲಿ, ಹೇಗೆ ಎಂಬುದನ್ನು ಎಂಜಿನಿಯರುಗಳು ತಿಳಿಯಲೇಬೇಕು.

ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ದೊರೆತ ಒಂದು ಉತ್ತರ, ವೃತ್ತಿಜೀವನದ ಹೊಸ್ತಿಲಲ್ಲಿದ್ದ ಯುವಕನದು. 1933ರಲ್ಲಿ ಹುಟ್ಟಿದ ರೊದ್ದಂ ನರಸಿಂಹ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾದರು. ಮೇಲ್ಮೈಗೆ ಅಂಟಿಕೊಂಡಂತೆ ನಿಧಾನವಾಗಿ ಸಾಗುವ ಗಾಳಿಯ ತೆಳು ಹೊದಿಕೆಗೆ ಸೀಮಾ ಪದರ ಎನ್ನುತ್ತಾರೆ. ಅದರಲ್ಲಿ ಪ್ರಕ್ಷುಬ್ಧತೆಯು ಮಚ್ಚೆಗಳ ರೂಪದಲ್ಲಿ ಅಲ್ಲಲ್ಲಿ ಕಾಣಿಸಿಕೊಂಡು, ಮುಂದೆ ಸಾಗುತ್ತ ಹರಡುತ್ತದೆಂದು ಅಮೆರಿಕದ ಹೊವರ್ಡ್ ಎಮನ್ಸ್ 1951ರಲ್ಲಿ ತೋರಿಸಿದ್ದರು. ಮಚ್ಚೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಹರಿವಿಗೆ ಅಡ್ಡವಾದ ಒಂದೇ ರೇಖೆಯ ಆಸುಪಾಸಿನಲ್ಲಿ ಹುಟ್ಟುತ್ತವೆ ಎಂಬ ಊಹೆಯನ್ನು ನರಸಿಂಹ 1957ರಲ್ಲಿ ಮುಂದಿಟ್ಟರು.

ಇದನ್ನು ಪರೀಕ್ಷಿಸುವ ಕ್ರಮ ಹೀಗಿದೆ: ಗಾಳಿ ಸುರಂಗದಲ್ಲಿ, ವಿದ್ಯುತ್ತಿನಿಂದ ಕಾಯಿಸಿದ ಅತಿ ಸಣ್ಣ ತಂತಿಯನ್ನು ಸೀಮಾ ಪದರದೊಳಗೆ ಹಿಡಿದರೆ, ಗಾಳಿಯ ವೇಗಕ್ಕೆ ತಕ್ಕಂತೆ ತಂತಿ ತಣಿದು, ಅದರ ವಿದ್ಯುತ್ ಸಂಕೇತವು ಒಮ್ಮೆ ಸಮವಾಗಿಯೂ ಮಚ್ಚೆ ಹಾಯುವಾಗ ಏರುಪೇರಾಗಿಯೂ ಮೂಡುತ್ತದೆ. ಏರುಪೇರು ಒಟ್ಟು ಸಮಯದ ಎಷ್ಟು ಪಾಲು ಎಂಬುದೇ ಬಿಟ್ಟುಬಿಟ್ಟು ಬರುವ ಪ್ರಕ್ಷುಬ್ಧತೆಯ ಅಳತೆ. ಅದು ಸೊನ್ನೆಯಿಂದ ಒಂದಕ್ಕೆ ಏರುವ ಬಗೆಯನ್ನು ನರಸಿಂಹರ ಸೂತ್ರ ಸರಳವಾಗಿ ವಿವರಿಸಿತು. ಧವನ್ ಮತ್ತು ನರಸಿಂಹ 1958ರಲ್ಲಿ ಪ್ರಕಟಿಸಿದ ಪ್ರಬಂಧವು, ಒಂದು ಹರಿವು ಇನ್ನೊಂದಾಗುವ ಸಂಕ್ರಮಣ ವಲಯದ ಸರಾಸರಿ ವೇಗವನ್ನು ಎರಡೂ ಬಗೆಯ ಹರಿವುಗಳನ್ನು ಈ ಪಾಲಿಗೆ ತಕ್ಕಂತೆ ಕೂಡಿಸಿ ಪಡೆಯಬಹುದೆಂದು ತೋರಿಸಿತು.

ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಮುಗಿಸಿ 1962ರಲ್ಲಿ ಅಧ್ಯಾಪಕರಾಗಿ ಸಂಸ್ಥೆಗೆ ಮರಳಿದ ನರಸಿಂಹ, ತಾವು ಗುರುಗಳಿಂದ ಪಡೆದುದನ್ನು ಶಿಷ್ಯರಿಗೆ ದಾಟಿಸಿದರು. ಅವರಲ್ಲೊಬ್ಬರಾದ ಕೆ. ಆರ್. ಶ್ರೀನಿವಾಸನ್ ಅವರೊಡನೆ, ಪ್ರಕ್ಷುಬ್ಧ ಹರಿವು ವೇಗ ತೀವ್ರವಾಗಿ ಹೆಚ್ಚುತ್ತ ಹೋದಾಗ ಮರಳಿ ಶಾಂತವಾಗುವ ವಿಚಿತ್ರವನ್ನು ಅವರು ಅಧ್ಯಯನ ಮಾಡಿದರು. ಶ್ರೀನಿವಾಸನ್ ಮುಂದೆ ಪ್ರಕ್ಷುಬ್ಧತೆಯ ವಿಶ್ವಮಾನ್ಯ ತಜ್ಞರಾದರು. ಕಿರಿಯ ಸಂಶೋಧಕನಿಗೆ ಸ್ಪಷ್ಟವಾದ ಪ್ರಶ್ನೆ, ನಂಬಬಹುದಾದ ಅಳತೆ, ಕಲಿಸಲು ಬಿಡುವುಳ್ಳ ಗುರು ಈ ಮೂರೂ ಒದಗಿದರೆ ಒಂದು ವಿದ್ಯೆ ಮೂರು ತಲೆಮಾರು ಬೆಳೆಯುತ್ತದೆ; ನಾಡಿನ ಪ್ರತಿಯೊಂದು ಎಂಜಿನಿಯರಿಂಗ್ ಕಾಲೇಜೂ ತನ್ನ ಹೊಸ ಅಧ್ಯಾಪಕರಿಗೆ ಒದಗಿಸಬೇಕಾದುದು ಇದನ್ನೇ.