ಏರುವ ಯಂತ್ರಗಳಲ್ಲಿ ಹಿಂಜಾರು ತಡೆ: ರೋಲರ್ ಕೋಸ್ಟರ್ ಕಲಿಸುವ ಪಾಠ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋದ ಘಟನೆಯನ್ನು ಈ ಭಾಗದ ವರ್ತಕರಾರೂ ಮರೆತಿರಲಾರರು. ತುಂಬಿದ್ದ ಜಲಾಶಯದ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಹೊಸಪೇಟೆ, ತೋರಣಗಲ್ಲು ಭಾಗದ ಕಾರ್ಖಾನೆಗಳಲ್ಲಿ ತಯಾರಾದ ಉಕ್ಕಿನ ತಡೆಹಲಗೆಗಳನ್ನು, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಹರಿವನ್ನು ತಡೆಯಲಾಯಿತು. ಅಷ್ಟರವರೆಗೆ ಎರಡನೆಯ ಬೆಳೆಯ ಗತಿ ಏನೆಂದು ರೈತರೂ, ಆ ಬೆಳೆಯನ್ನು ನಂಬಿದ ಮಿಲ್ಲುಗಳೂ, ದಲ್ಲಾಳಿ ಅಂಗಡಿಗಳೂ ಆತಂಕದಿಂದ ಕಾದವು.

ಆ ಘಟನೆ ಎತ್ತುವ ಪ್ರತಿಯೊಂದು ಯಂತ್ರದ ಮಾಲೀಕನ ಮುಂದೆಯೂ ಒಂದು ಪ್ರಶ್ನೆಯನ್ನು ಇಡುತ್ತದೆ: ಎತ್ತುವ ಸರಪಳಿ ತುಂಡಾದರೆ, ಹೊರೆಯನ್ನು ಹಿಡಿಯುವುದು ಯಾವುದು? ಅಣೆಕಟ್ಟಿನ ಗೇಟಿನ ರಚನೆ ಬೇರೆ, ಗಿರಣಿಯ ಎಲಿವೇಟರಿನ ರಚನೆ ಬೇರೆ. ಆದರೆ ಪ್ರಶ್ನೆ ಒಂದೇ. ಇದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟಿರುವ ಯಂತ್ರ, ಆಶ್ಚರ್ಯವೆನಿಸಿದರೂ, ಮನೋರಂಜನಾ ಉದ್ಯಾನಗಳ ರೋಲರ್ ಕೋಸ್ಟರ್.

ಗಾಡಿಯ ಹಿಂದಿನ ಕಲ್ಲು

ತತ್ತ್ವ ಮಾತ್ರ ಹೊಸದಲ್ಲ. ಸಂಡೂರು ತಾಲೂಕಿನ ಚೋರನೂರು ಹೋಬಳಿಯ ಹಿರಿಯ ರೈತನಿಗೂ ಅದು ಗೊತ್ತು. ಹೊರೆ ಹೇರಿದ ಎತ್ತಿನ ಗಾಡಿ ಏರು ಹತ್ತುವಾಗ ಒಬ್ಬನು ಕಲ್ಲನ್ನೋ ಮರದ ತುಂಡನ್ನೋ ಹಿಡಿದು ಹಿಂದೆ ನಡೆಯುತ್ತಾನೆ. ಎತ್ತುಗಳು ನಿಂತ ಕ್ಷಣವೇ ಅದನ್ನು ಗಾಲಿಯ ಹಿಂದೆ ಇಡುತ್ತಾನೆ. ಎಳೆಯುವ ಕೆಲಸ ಎತ್ತುಗಳದು, ಹಿಡಿಯುವ ಕೆಲಸ ಕಲ್ಲಿನದು. ಎತ್ತುಗಳು ಎಷ್ಟೇ ಬಲಶಾಲಿಗಳಾಗಿರಲಿ, ಅವುಗಳನ್ನು ನಂಬಿ ಕಲ್ಲನ್ನು ಬಿಟ್ಟು ಬಂದವರಿಲ್ಲ. ತೇರು ಎಳೆಯುವಾಗ ಗಾಲಿಗೆ ಮರದ ಬೆಣೆ ಕೊಡುವವರ ಕೆಲಸವೂ ಇದೇ ಜಾತಿಯದು.

ಈ ವ್ಯವಸ್ಥೆಯಲ್ಲಿ ಒಂದೇ ಒಂದು ಕೊರತೆ: ಕಲ್ಲು ಇಡುವವನು ಮೈಮರೆಯಬಾರದು. ಮನುಷ್ಯನ ಎಚ್ಚರವನ್ನು ಅವಲಂಬಿಸದೆ, ಕಲ್ಲು ತಾನಾಗಿಯೇ ಗಾಲಿಯ ಹಿಂದೆ ಬಂದು ಕೂರುವಂತೆ ಮಾಡುವುದೇ ಹಿಂಜಾರು ತಡೆ.

ಏರುದಾರಿಯ ಲೆಕ್ಕ

ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನಕ್ಕೆ ಮಕ್ಕಳೊಡನೆ ಹೋಗಿಬಂದವರು ರೋಲರ್ ಕೋಸ್ಟರನ್ನು ಕಂಡಿರುತ್ತಾರೆ. ಸಾಂಪ್ರದಾಯಿಕ ಮಾದರಿಯ ಕೋಸ್ಟರಿನ ಬಂಡಿಗಳಲ್ಲಿ ಎಂಜಿನ್ ಇರುವುದಿಲ್ಲ. ಮೊದಲ ಎತ್ತರಕ್ಕೆ ಅವುಗಳನ್ನು ಸರಪಳಿಯೊಂದು ಎಳೆದೊಯ್ಯುತ್ತದೆ. ಅಲ್ಲಿಂದ ಮುಂದಿನ ಇಳಿತ, ತಿರುವು, ಏರುಗಳೆಲ್ಲ ಆ ಎತ್ತರದಲ್ಲಿ ಕೂಡಿಟ್ಟ ಶಕ್ತಿಯಿಂದಲೇ ನಡೆಯುತ್ತವೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಏರುದಾರಿಯಲ್ಲಿ ಬಂಡವಾಳ ಹೂಡಿಕೆ, ಉಳಿದ ದಾರಿಯಲ್ಲಿ ಅದರ ಖರ್ಚು.

ಉದಾಹರಣೆಗೆ, ಪ್ರಯಾಣಿಕರೂ ಸೇರಿ 6 ಟನ್ ತೂಕದ ಬಂಡಿಸಾಲನ್ನು 30 ಮೀಟರ್ ಎತ್ತರಕ್ಕೆ ಒಯ್ಯಬೇಕೆಂದು ಇಟ್ಟುಕೊಳ್ಳೋಣ. ಇದಕ್ಕೆ ಬೇಕಾದ ಶಕ್ತಿ ಸುಮಾರು 17.6 ಲಕ್ಷ ಜೂಲ್, ಅಂದರೆ ಘರ್ಷಣೆಯ ನಷ್ಟ ಬಿಟ್ಟರೆ ಸರಿಸುಮಾರು ಅರ್ಧ ಯೂನಿಟ್ ವಿದ್ಯುತ್ತು. 30 ಸೆಕೆಂಡಿನಲ್ಲಿ ಏರಿಸಬೇಕಾದರೆ ಸುಮಾರು 59 ಕಿಲೋವಾಟ್, ಅಂದರೆ 80 ಅಶ್ವಶಕ್ತಿಯಷ್ಟು ಬಲ ಬೇಕು. ಅರ್ಧ ಯೂನಿಟ್ ಎಂದರೆ ಬಿಲ್ಲಿನಲ್ಲಿ ಕೆಲವೇ ರೂಪಾಯಿ. ಆದರೆ ಅದೇ ಶಕ್ತಿ ತಡೆಯಿಲ್ಲದೆ ಹಿಂದಕ್ಕೆ ಹರಿದರೆ, ತುದಿಯಿಂದ ಜಾರಿದ ಬಂಡಿಸಾಲು ಕೆಳಗೆ ಬರುವ ಹೊತ್ತಿಗೆ ಗಂಟೆಗೆ 87 ಕಿ.ಮೀ.ವರೆಗಿನ ವೇಗ ಪಡೆಯಬಲ್ಲದು. ಎತ್ತಿದ ಹೊರೆಯ ಸ್ವಭಾವವೇ ಇದು: ಏರಿಸಲು ಅಗ್ಗ, ಬಿದ್ದರೆ ದುಬಾರಿ.

ಎರಡು ಕೊಂಡಿ, ಎರಡು ಕೆಲಸ

ಬಂಡಿಯ ಅಡಿಯಲ್ಲಿ ಎರಡು ಬಗೆಯ ಕೊಂಡಿಗಳಿರುತ್ತವೆ. ಮೊದಲನೆಯದು ಸರಪಳಿಯನ್ನು ಹಿಡಿಯುವ ಕೊಕ್ಕೆ. ಚಲಿಸುತ್ತಿರುವ ಸರಪಳಿಯ ಕಣ್ಣಿಗೆ ಸಿಕ್ಕಿಕೊಂಡು ಅದು ಬಂಡಿಯನ್ನು ಮೇಲೆ ಒಯ್ಯುತ್ತದೆ. ಶಿಖರ ದಾಟಿ ಬಂಡಿ ಸರಪಳಿಗಿಂತ ವೇಗವಾಗಿ ಓಡತೊಡಗಿದಾಗ ತಾನಾಗಿಯೇ ಕಳಚಿಕೊಳ್ಳುತ್ತದೆ.

ಎರಡನೆಯದು ತಡೆನಾಲಿಗೆ. ಇದಕ್ಕೂ ಸರಪಳಿಗೂ ಸಂಬಂಧವಿಲ್ಲ. ಏರುದಾರಿಯ ಉದ್ದಕ್ಕೂ ಗರಗಸದ ಆಕಾರದ ಹಲ್ಲುಪಟ್ಟಿಯೊಂದನ್ನು ಹಳಿಯ ಚೌಕಟ್ಟಿಗೆ ಭದ್ರವಾಗಿ ಕೂರಿಸಿರುತ್ತಾರೆ. ಪ್ರತಿ ಹಲ್ಲಿಗೂ ಒಂದು ಬದಿ ಇಳಿಜಾರು, ಇನ್ನೊಂದು ಬದಿ ನೇರ ಗೋಡೆ. ಬಂಡಿ ಮುಂದೆ ಹೋಗುವಾಗ ತಡೆನಾಲಿಗೆ ಇಳಿಜಾರಿನ ಮೇಲೆ ಜಾರಿ ಮುಂದಿನ ಕುಳಿಗೆ ಬೀಳುತ್ತದೆ. ಬಂಡಿ ಹಿಂದೆ ಸರಿಯಲೆತ್ನಿಸಿದರೆ ನೇರ ಗೋಡೆಗೆ ಒರಗಿ ನಿಲ್ಲುತ್ತದೆ. ಏರುವಾಗ ಕೇಳಿಬರುವ ‘ಟಕ್ ಟಕ್’ ಸದ್ದು ಈ ನಾಲಿಗೆಯದು. ಸರಪಳಿಯದೆಂದು ಬಹುಮಂದಿ ತಪ್ಪಾಗಿ ತಿಳಿಯುತ್ತಾರೆ. ಯಂತ್ರದ ಕೆಲಸಗಾರರು ರ್ಯಾಚೆಟ್ ಎಂದು ಕರೆಯುವುದು ಇದನ್ನೇ.

ಹಲ್ಲುಗಳ ನಡುವಿನ ಅಂತರ ಕಡಿಮೆಯಿರುವುದು ಬಹಳ ಮುಖ್ಯ. 30 ಡಿಗ್ರಿ ಏರಿನಲ್ಲಿ ಅಂತರ 15 ಸೆಂ.ಮೀ. ಇದ್ದರೆ, ಸರಪಳಿ ತುಂಡಾದ ಬಂಡಿ ಹಿಡಿತ ಸಿಗುವ ಮುನ್ನ ಗಂಟೆಗೆ ಸುಮಾರು 4.4 ಕಿ.ಮೀ. ವೇಗ ಮಾತ್ರ ಪಡೆಯುತ್ತದೆ; ಇದು ಮನುಷ್ಯನ ನಡಿಗೆಯ ವೇಗ. ಅದೇ ಬಂಡಿ 10 ಮೀಟರ್ ಜಾರಿದ ಮೇಲೆ ಹಿಡಿಯಹೊರಟರೆ ವೇಗ 36 ಕಿ.ಮೀ. ಸಮೀಪಿಸಿ, ನಾಲಿಗೆಯೇ ಮುರಿಯುವ ಸಂಭವವಿದೆ. ತಡೆ ಎಷ್ಟು ಬಲವಾಗಿದೆ ಎಂಬುದಕ್ಕಿಂತ ಎಷ್ಟು ಬೇಗ ಹಿಡಿಯುತ್ತದೆ ಎಂಬುದು ಹೆಚ್ಚು ಮಹತ್ವದ್ದು.

ನಾಲಿಗೆ ಹಲ್ಲಿಗೆ ಬೀಳುವುದು ತನ್ನ ಭಾರದಿಂದ ಅಥವಾ ಸ್ಪ್ರಿಂಗಿನಿಂದ. ಅದಕ್ಕೆ ವಿದ್ಯುತ್ತು ಬೇಡ, ಯಾರ ಆಜ್ಞೆಯೂ ಬೇಡ. ಆದ್ದರಿಂದ ವಿದ್ಯುತ್ತು ಹೋದ ಕ್ಷಣದಲ್ಲಿಯೂ ಅದು ಕೆಲಸ ಮಾಡುತ್ತದೆ.

ಗಣಿಯಿಂದ ಬಂದ ವಿದ್ಯೆ

ಈ ವಿದ್ಯೆ ಗಣಿಗಾರಿಕೆಯಿಂದ ಬಂದುದೆಂಬುದು ಸಂಡೂರಿನ ಓದುಗರಿಗೆ ಸ್ವಾರಸ್ಯಕರವಾಗಿ ತೋರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ 1827ರಲ್ಲಿ ಗುಡ್ಡದ ಮೇಲಿನ ಕಲ್ಲಿದ್ದಲನ್ನು ಇಳಿಜಾರಿನ ಹಳಿಯ ಮೇಲೆ ಕೆಳಗಿಳಿಸುವ ವ್ಯವಸ್ಥೆ ಆರಂಭವಾಯಿತು. ಖಾಲಿ ಬಂಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದವು. 1840ರ ದಶಕದಲ್ಲಿ ಹಬೆಯಂತ್ರದಿಂದ ಎಳೆಯುವ ಏರುದಾರಿ ಬಂದಾಗ, ಬಂಡಿ ಹಿಂಜಾರದಂತೆ ಹಳಿಗಳ ನಡುವೆ ಹಲ್ಲುಪಟ್ಟಿಯನ್ನು ಅಳವಡಿಸಿದರು. ಕಲ್ಲಿದ್ದಲು ಸಾಗಣೆ ನಿಂತ ಮೇಲೆ ಆ ಹಳಿಯೇ ಪ್ರವಾಸಿಗರ ವಿಹಾರವಾಗಿ 1930ರ ದಶಕದವರೆಗೆ ನಡೆಯಿತು.

1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬವರು ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಮನೋರಂಜನಾ ಹಳಿಯೊಂದನ್ನು ತೆರೆದಾಗ ಜನರು ಮೆಟ್ಟಿಲು ಹತ್ತಿ ಮೇಲೆ ಹೋಗಬೇಕಾಗಿತ್ತು. ಮರುವರ್ಷವೇ ಬಂಡಿಯನ್ನು ಯಂತ್ರದಿಂದ ಏರಿಸುವ ಕ್ರಮ ಬಂದಿತು. ಜಾನ್ ಮಿಲ್ಲರ್ 1910ರಲ್ಲಿ ಕೋಸ್ಟರಿನ ತಡೆನಾಲಿಗೆಗೆ ಪೇಟೆಂಟ್ ಪಡೆದರು.

ಇದೇ ತತ್ತ್ವವನ್ನು 1854ರಲ್ಲಿ ಎಲಿಷಾ ಓಟಿಸ್ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತೋರಿಸಿದ್ದರು. ತಾವು ನಿಂತಿದ್ದ ಎತ್ತುವ ಹಲಗೆಯ ಹಗ್ಗವನ್ನು ಕಡಿಸಿದರು. ಹಲಗೆ ಸ್ವಲ್ಪವೇ ಜಾರಿ ನಿಂತಿತು. ಹಗ್ಗದ ಬಿಗಿತವೇ ಸ್ಪ್ರಿಂಗನ್ನು ಒತ್ತಿ ಹಿಡಿದಿರುತ್ತಿತ್ತು. ಬಿಗಿತ ಹೋದೊಡನೆ ಸ್ಪ್ರಿಂಗು ಬಿಚ್ಚಿಕೊಂಡು ಪಕ್ಕದ ಹಲ್ಲುಪಟ್ಟಿಗೆ ಕೊಂಡಿಯನ್ನು ಒತ್ತುತ್ತಿತ್ತು. ಅಂದರೆ ಅಪಾಯವೇ ತಡೆಯನ್ನು ಎಬ್ಬಿಸುತ್ತಿತ್ತು.

ನಮ್ಮ ಘಟಕಗಳಲ್ಲಿ

ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳ ಅಕ್ಕಿ ಗಿರಣಿಗಳ ಎಲಿವೇಟರ್ ಒಂದು ಪುಟ್ಟ ಏರುದಾರಿಯೇ. ಬೆಲ್ಟಿನ ಒಂದು ಬದಿಯ ಬಟ್ಟಲುಗಳು ತುಂಬಿರುತ್ತವೆ, ಇನ್ನೊಂದು ಬದಿಯವು ಖಾಲಿ. ವಿದ್ಯುತ್ತು ಹೋದೊಡನೆ ತುಂಬಿದ ಬದಿ ಭಾರದಿಂದ ಕೆಳಗಿಳಿದು, ಬೆಲ್ಟು ಹಿಂದಕ್ಕೆ ತಿರುಗಿ, ಭತ್ತವೆಲ್ಲ ತಳದಲ್ಲಿ ಕಟ್ಟಿಕೊಳ್ಳುತ್ತದೆ. ಅದಿರು ಮತ್ತು ಜಲ್ಲಿ ಘಟಕಗಳ ಏರು ಕನ್ವೇಯರಿನಲ್ಲಿಯೂ ಹೀಗೆಯೇ. ಅಲ್ಲಿ ಹಿಂದೆ ಬರುವುದು ಟನ್ನುಗಟ್ಟಲೆ ಕಲ್ಲು, ಮತ್ತು ತಳದಲ್ಲಿ ಚೆಲ್ಲಿದ ಮಾಲು ಬಾಚುವ ಕಾರ್ಮಿಕನಿರುವ ಸಾಧ್ಯತೆಯುಂಟು. ಇವೆರಡಕ್ಕೂ ಮೇಲಿನ ರಾಟೆಯ ದಂಡಕ್ಕೆ ಅಥವಾ ಗೇರ್‌ಬಾಕ್ಸಿಗೆ ಹೋಲ್ಡ್‌ಬ್ಯಾಕ್ ಜೋಡಿಸುತ್ತಾರೆ. ಇದು ದಂಡವನ್ನು ಒಂದೇ ದಿಕ್ಕಿಗೆ ತಿರುಗಗೊಡುವ ಸಾಧನ. ಗ್ಯಾರೇಜಿನ ಚೈನ್ ಪುಲ್ಲಿಯೊಳಗೂ ರ್ಯಾಚೆಟ್ ಇದೆ; ಕೈಬಿಟ್ಟರೂ ಎಂಜಿನ್ ನೆಲಕ್ಕೆ ಬೀಳದಿರುವುದು ಅದರಿಂದಲೇ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗೇರ್‌ಬಾಕ್ಸಿನ ಹೋಲ್ಡ್‌ಬ್ಯಾಕ್ ವಿದ್ಯುತ್ತು ಹೋದಾಗ ಹೊರೆಯನ್ನು ಹಿಡಿಯುತ್ತದೆ. ಆದರೆ ಗೇರ್‌ಬಾಕ್ಸಿಗೂ ರಾಟೆಗೂ ನಡುವಿನ ಸರಪಳಿ ತುಂಡಾದರೆ ಅದು ನಿಷ್ಪ್ರಯೋಜಕ. ಆದ್ದರಿಂದ ತಡೆಯು ಹೊರೆಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಬೆಲ್ಟೇ ಹರಿದರೆ ರಾಟೆಯ ಹೋಲ್ಡ್‌ಬ್ಯಾಕೂ ನೆರವಾಗದು. ಹಾಗಾಗಿ ಬೆಲ್ಟಿನ ಕೂಡುಗಳ ತಪಾಸಣೆಯನ್ನು ಬಿಡುವಂತಿಲ್ಲ.

ಕೆಟ್ಟುಹೋಗುವ ಬಗೆ

ಹಿಂಜಾರು ತಡೆ ಸದ್ದಿಲ್ಲದೆ ಕೆಡುತ್ತದೆ. ಅದು ಕೆಟ್ಟಿದ್ದರೂ ಯಂತ್ರ ಎಂದಿನಂತೆ ಓಡುವುದರಿಂದ ಅಪಘಾತದ ದಿನದವರೆಗೂ ಯಾರಿಗೂ ತಿಳಿಯದು. ಮುಖ್ಯ ಕಾರಣಗಳು ಇವು:

1. ಗಟ್ಟಿಯಾದ ಗ್ರೀಸು, ಹೊಟ್ಟು, ಅದಿರಿನ ದೂಳು ಅಂಟಿಕೊಂಡು ನಾಲಿಗೆ ಬೀಳದೆ ಮೇಲೆಯೇ ನಿಲ್ಲುವುದು.

2. ಹಲ್ಲು ಸವೆದು ನೇರ ಗೋಡೆ ಗುಂಡಗಾಗುವುದು.

3. ಸದ್ದು ತಪ್ಪಿಸಲೆಂದೋ, ಕಟ್ಟಿಕೊಂಡ ಮಾಲು ತೆಗೆಯಲು ಯಂತ್ರವನ್ನು ಹಿಂದಕ್ಕೆ ತಿರುಗಿಸಲೆಂದೋ ನಾಲಿಗೆಯನ್ನು ತಂತಿಯಿಂದ ಕಟ್ಟಿ, ಆಮೇಲೆ ಬಿಚ್ಚಲು ಮರೆಯುವುದು.

4. ಮೋಟಾರನ್ನು ರಿವೈಂಡ್ ಮಾಡಿಸಿದ ಮೇಲೆ ಫೇಸು ಅದಲುಬದಲಾಗಿ, ಮೋಟಾರು ತಡೆಯ ವಿರುದ್ಧ ತಿರುಗಿ ಅದನ್ನು ಮುರಿಯುವುದು. ಯಂತ್ರಕ್ಕೆ ಜೋಡಿಸುವ ಮುನ್ನ ಮೋಟಾರು ತಿರುಗುವ ದಿಕ್ಕನ್ನು ಪರೀಕ್ಷಿಸಿದರೆ ಈ ನಷ್ಟ ತಪ್ಪುತ್ತದೆ.

ಪರೀಕ್ಷೆ ಸುಲಭ. ಸುತ್ತಮುತ್ತ ಯಾರೂ ಇಲ್ಲದಿರುವಾಗ, ಹೊರೆ ತುಂಬಿದ ಎಲಿವೇಟರನ್ನು ನಿಲ್ಲಿಸಿ, ಮೇಲಿನ ರಾಟೆ ಹಿಂದಕ್ಕೆ ತಿರುಗುತ್ತದೆಯೇ ಎಂದು ದೂರದಿಂದ ನೋಡುವುದು. ಫಲಿತಾಂಶವನ್ನು ದಿನಾಂಕ, ಸಹಿಯೊಡನೆ ಪುಸ್ತಕದಲ್ಲಿ ಬರೆದಿಡಬೇಕು.

ಕಾನೂನು ಮತ್ತು ಲೆಕ್ಕಪತ್ರ

1948ರ ಕಾರ್ಖಾನೆ ಕಾಯ್ದೆಯ 28ನೇ ಕಲಮು, ಜನರನ್ನು ಒಯ್ಯುವ ಲಿಫ್ಟು ಹಗ್ಗ ಅಥವಾ ಸರಪಳಿಯಿಂದ ತೂಗುತ್ತಿದ್ದರೆ ಕನಿಷ್ಠ ಎರಡು ಹಗ್ಗ ಅಥವಾ ಸರಪಳಿಗಳಿರಬೇಕು, ಅವು ತುಂಡಾದರೂ ಪೂರ್ಣ ಹೊರೆಯನ್ನು ಹಿಡಿಯುವ ಸಾಧನವಿರಬೇಕು, ಆರು ತಿಂಗಳಿಗೊಮ್ಮೆ ತಪಾಸಣೆ ನಡೆಯಬೇಕು ಎಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ. ಕಾನೂನಿನ ಹೆಸರು ಬದಲಾದರೂ ಆ ತತ್ತ್ವದ ವಿವೇಕ ಹಳತಾಗುವುದಿಲ್ಲ. ತಮ್ಮ ಘಟಕಕ್ಕೆ ಅನ್ವಯಿಸುವ ನಿಯಮಗಳನ್ನು ಉದ್ಯಮಿಗಳು ಕಾರ್ಖಾನೆ ಇಲಾಖೆಯಿಂದ ತಿಳಿದುಕೊಳ್ಳುವುದು ಒಳಿತು.

ಲೆಕ್ಕಪತ್ರದ ದೃಷ್ಟಿಯಿಂದ, ಹೊಸ ಯಂತ್ರದೊಡನೆ ಕೊಂಡ ಹೋಲ್ಡ್‌ಬ್ಯಾಕಿನ ಬೆಲೆ ಯಂತ್ರದ ಮೂಲಬೆಲೆಗೆ ಸೇರಿ ಅದರ ಮೇಲೆ ಸವಕಳಿ ದೊರೆಯುತ್ತದೆ. ಸವೆದ ನಾಲಿಗೆ, ಸ್ಪ್ರಿಂಗುಗಳ ಬದಲಾವಣೆ ಸಾಮಾನ್ಯವಾಗಿ ದುರಸ್ತಿ ವೆಚ್ಚ. ಬೆಂಕಿ ವಿಮೆಯು ಯಂತ್ರದೊಳಗಿನ ಮುರಿತದ ನಷ್ಟವನ್ನು ಭರಿಸುವುದಿಲ್ಲ; ಅದಕ್ಕೆ ಪ್ರತ್ಯೇಕ ಯಂತ್ರ ವಿಮೆ ಬೇಕು. ಆ ವಿಮೆಯ ಕ್ಲೇಮಿಗೂ ಮೇಲೆ ಹೇಳಿದ ತಪಾಸಣಾ ಪುಸ್ತಕ ಉತ್ತಮ ಸಾಕ್ಷಿಯಾಗುತ್ತದೆ.

ನಷ್ಟದ ಅಂದಾಜಿಗೆ ಒಂದು ಉದಾಹರಣೆ ಸಾಕು. ಗಂಟೆಗೆ 2 ಟನ್ ಭತ್ತ ಅರೆಯುವ ಗಿರಣಿಯಲ್ಲಿ ಎಲಿವೇಟರು ತಿಂಗಳಿಗೆ ನಾಲ್ಕು ಬಾರಿ ಹಿಂದಕ್ಕೆ ತಿರುಗಿ, ಪ್ರತಿ ಬಾರಿಯೂ ಶುಚಿಗೊಳಿಸಲು 2 ಗಂಟೆ ಹಿಡಿದರೆ, ತಿಂಗಳಿಗೆ 16 ಟನ್, ವರ್ಷಕ್ಕೆ 192 ಟನ್ ಅರೆಯುವ ಅವಕಾಶ ಹೋಯಿತು. ಈ ಸಂಖ್ಯೆ ಯಾವ ಖಾತೆಯಲ್ಲಿಯೂ ಕಾಣಿಸುವುದಿಲ್ಲ. ಹೋಲ್ಡ್‌ಬ್ಯಾಕಿನ ಬಿಲ್ಲು ಮಾತ್ರ ಕಾಣಿಸುತ್ತದೆ. ಆದ್ದರಿಂದಲೇ ಮಿತವ್ಯಯದ ಕತ್ತರಿ ಮೊದಲು ಅದರ ಮೇಲೆ ಬೀಳುತ್ತದೆ. ಕಾರ್ಮಿಕನ ಕೈಯೋ ಪ್ರಾಣವೋ ಹೋದರೆ ಆ ನಷ್ಟವನ್ನು ಬರೆಯಲು ಖಾತೆಯೇ ಇಲ್ಲ.

ಹಿಂಜಾರು ತಡೆ ಒಂದು ಕಿಲೋ ಮಾಲನ್ನೂ ಎತ್ತುವುದಿಲ್ಲ, ಒಂದು ರೂಪಾಯಿಯನ್ನೂ ಗಳಿಸುವುದಿಲ್ಲ. ಗಾಡಿಯ ಹಿಂದೆ ಕಲ್ಲು ಹಿಡಿದು ನಡೆಯುವವನೂ ಗಾಡಿಯನ್ನು ಎಳೆಯುತ್ತಿರಲಿಲ್ಲ. ಆದರೂ ಅವನಿಲ್ಲದೆ ಗಾಡಿ ಏರು ಹತ್ತುತ್ತಿರಲಿಲ್ಲ. ತಮ್ಮ ಘಟಕದ ಪ್ರತಿಯೊಂದು ಏರುವ ಯಂತ್ರದ ಮುಂದೆ ನಿಂತು, ಈ ಸರಪಳಿ ಈಗ ತುಂಡಾದರೆ ಹೊರೆಯನ್ನು ಹಿಡಿಯುವುದು ಯಾವುದು ಎಂದು ಕೇಳಿಕೊಳ್ಳುವ ಉದ್ಯಮಿಗೆ ಉತ್ತರ ಕೂಡಲೇ ಹೊಳೆಯದಿದ್ದರೆ, ಆ ವಾರದ ಮೊದಲ ಖರ್ಚು ಯಾವುದಾಗಬೇಕೆಂಬುದು ತಾನೇ ನಿರ್ಧಾರವಾದಂತೆ.