ಹಳೆಯ ಪಾಸ್‌ವರ್ಡ್ ಏಕೆ ಹೇಳುವುದಿಲ್ಲ?

ಪ್ರಶ್ನೆ: ಆನ್‌ಲೈನ್ ಅರ್ಜಿಯ ಪಾಸ್‌ವರ್ಡ್ ಮರೆತರೆ ಹಳೆಯದನ್ನು ತಿಳಿಸದೆ, ಹೊಸದನ್ನೇ ಮಾಡಿಕೊಳ್ಳಿ ಎನ್ನುತ್ತಾರಲ್ಲ, ಏಕೆ?

ಅವರಿಗೂ ಅದು ಗೊತ್ತಿರುವುದಿಲ್ಲ! ನೀವು ಕೊಟ್ಟ ಪಾಸ್‌ವರ್ಡನ್ನು ಸರ್ವರ್ ‘ಹ್ಯಾಶ್’ ಎಂಬ ಲೆಕ್ಕಾಚಾರಕ್ಕೆ ಹಾಕಿ, ಹೊರಬಂದ ಅಕ್ಷರ-ಅಂಕಿಗಳ ಉದ್ದನೆಯ ಸಾಲನ್ನಷ್ಟೇ ಉಳಿಸಿಕೊಳ್ಳುತ್ತದೆ. ಕಾಯಿ, ಮೆಣಸಿನಕಾಯಿ ರುಬ್ಬಿದರೆ ಚಟ್ನಿ; ಚಟ್ನಿಯಿಂದ ಕಾಯಿ ವಾಪಸ್ ಬಾರದು. ಆದರೆ ಅದೇ ಸಾಮಾನು, ಅದೇ ಅಳತೆ ಹಾಕಿದರೆ ಮತ್ತೆ ಅದೇ ಚಟ್ನಿ. ಮುಂದಿನ ಸಲ ನೀವು ಟೈಪ್ ಮಾಡಿದ್ದನ್ನೂ ಹಾಗೇ ‘ರುಬ್ಬಿ’, ಎರಡೂ ತಾಳೆಯಾದರೆ ಮಾತ್ರ ಅರ್ಜಿ ತೆರೆಯುತ್ತದೆ. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹ್ಯಾಶ್ ಬೇರೆಯಾಗಲೆಂದು ಒಬ್ಬೊಬ್ಬರಿಗೂ ಬೇರೆ ‘ಸಾಲ್ಟ್’, ಅಂದರೆ ಮನಬಂದಂತೆ ಆರಿಸಿದ ಒಂದಿಷ್ಟು ಅಕ್ಷರ, ಬೆರೆಸುತ್ತಾರೆ. ಕಂಪ್ಯೂಟರ್ ವಿಜ್ಞಾನಿಗಳಾದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಈ ಉಪಾಯವನ್ನು ವಿವರಿಸಿದ್ದರು. ಯಾವುದಾದರೂ ತಾಣ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳುಹಿಸಿದರೆ, ಅದು ‘ರುಬ್ಬದೆ’ ಮರಳಿ ಓದಬಹುದಾದ ರೂಪದಲ್ಲೇ ಇಟ್ಟುಕೊಂಡಿದೆ ಎಂದರ್ಥ; ಆ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ.