ನಿಮ್ಮ ಕೋಡ್‌ಗೆ ಯಾವ ಲೈಸೆನ್ಸ್?

ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುತ್ತೆ ಅಂದ್ರೆ ಎಲ್ಲರೂ ಬಳಸಬಹುದು ಅಂತಲ್ಲ. ಲೈಸೆನ್ಸ್ ಹಾಕದಿದ್ದರೆ ಕಾಪಿರೈಟ್ ಪೂರ್ತಿ ಬರೆದವರದ್ದೇ. ರಜಾದಿನಗಳಲ್ಲಿ ಕೂತು ನಾನು ಬರೆದ ಕನ್ನಡ ಕಾಗುಣಿತ ತಿದ್ದುವ ಪುಟ್ಟ ಸಾಫ್ಟ್‌ವೇರ್‌ಗೆ ‘ಎಂಐಟಿ ಸಾಕು ಬಿಡೋ’ ಅಂದ ಗೆಳೆಯ. ಅದರಲ್ಲಿ ನಮ್ಮ ಕಾಪಿರೈಟ್ ಸಾಲು, ಲೈಸೆನ್ಸ್ ಪಠ್ಯ ಉಳಿಸಿಕೊಂಡರಾಯ್ತು, ಯಾರು ಬೇಕಾದರೂ ಕೋಡ್ ಮುಚ್ಚಿಟ್ಟು ಮಾರಿಕೊಳ್ಳಬಹುದು. ನನಗದು ಹಿಡಿಸಲಿಲ್ಲ. ತಿದ್ದಿ ಹಂಚುವವರು ತಮ್ಮ ಕೋಡನ್ನೂ ಕೊಡಬೇಕು ಅನ್ನೋ ಜಿಪಿಎಲ್ ಆರಿಸಿಕೊಂಡೆ. ಕೆಲವು ಕಂಪನಿಗಳು ದೂರ ಉಳೀಬಹುದು. ಉಳೀಲಿ.

ಯಾವುದೇ ಆಗಲಿ, ಮೊದಲ ದಿನವೇ ತೀರ್ಮಾನಿಸಿ. ಬೇರೆಯವರ ಕೋಡ್ ಸೇರಿದ ಮೇಲೆ ಅವರ ಭಾಗಕ್ಕೆ ಅವರೇ ಒಡೆಯರು. ವಿಎಲ್‌ಸಿ ಪ್ಲೇಯರ್‌ನ ಬಹುಪಾಲು ಕೋಡನ್ನು 2012ರ ಹೊತ್ತಿಗೆ ಜಿಪಿಎಲ್‌ನಿಂದ ಸ್ವಲ್ಪ ಸಡಿಲವಾದ ಎಲ್‌ಜಿಪಿಎಲ್‌ಗೆ ಬದಲಿಸೋಕೆ 200ಕ್ಕೂ ಹೆಚ್ಚು ಡೆವಲಪರ್‌ಗಳನ್ನು ಹುಡುಕಿ ಒಪ್ಪಿಗೆ ಕೇಳಬೇಕಾಯ್ತು.

ನನಗೆ ಮೊನ್ನೆ ಮೊದಲ ಪ್ಯಾಚ್ ಬಂತು. ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಒತ್ತಕ್ಷರದ ತಪ್ಪೊಂದನ್ನು ಸರಿಮಾಡಿದ್ದಾಳೆ.